ಡೂಲಿಯ ಹೆಸರಿಗೊಂದು ಮತ

ತಪ್ಪೆಲ್ಲ ಕನ್ನಡಕದ್ದು. ಅದು ಶಾಲಾ ಬಸ್ಸಿನಲ್ಲೇ ಉಳಿದುಬಿಟ್ಟಿತ್ತು. ಬಸ್ಸಿನ ಡ್ರೈವರ್ ಹಾಲ್ವರ್ ಬೆರ್ಗುಮ್ ಮಾತ್ರ ಮತಗಟ್ಟೆಯ ಪರದೆಯ ಹಿಂದೆ ಮತಪತ್ರಕ್ಕೆ ಮೂಗು ತಾಗಿಸಿ ನಿಂತಿದ್ದ. ಒಂದು ಪಕ್ಷದ ಸಾಲಿನ ನೆತ್ತಿಯ ವೃತ್ತದಲ್ಲಿ ಕತ್ತರಿ ಗುರುತು ಹಾಕಿದರೆ ಸೆನೆಟರಿನಿಂದ ಹಿಡಿದು ಕೆಳಗಿನವರೆಗೆ ಆ ಪಕ್ಷದವರಿಗೆಲ್ಲ ಮತ ಬಿದ್ದಂತೆ. ಹಾಕಿದ. ಆಮೇಲೆ ಕಾಗದವನ್ನು ಕಣ್ಣಿಗೆ ಹಿಡಿದು ನೋಡಿದ. ಆನೆ ಚಿಹ್ನೆಯ ರಿಪಬ್ಲಿಕನ್ ಪಕ್ಷಕ್ಕೆ ಬೀಳಬೇಕಾದ ಗುರುತು ಕತ್ತೆ ಚಿಹ್ನೆಯ ಡೆಮಾಕ್ರಟಿಕ್ ಪಕ್ಷದ ತಲೆಯ ಮೇಲೆ ಕೂತಿತ್ತು.

ಐಯೋವಾದ ಆ ಹೋಬಳಿಯಲ್ಲಿ ಅರವತ್ತೊಂದು ಮತದಾರರು. ಎಲ್ಲರೂ ನಾರ್ವೆ ಮೂಲದವರು, ಎಲ್ಲರೂ ಆನೆಯವರು. ಕತ್ತೆಗೆ ಪ್ರತಿ ಸಲ ಬೀಳುತ್ತಿದ್ದುದು ಒಂದೇ ಒಂದು ಮತ, ಐರಿಷ್ ಮುದುಕ ಡೂಲಿಯದು. ಡೂಲಿ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದ.

ಹೊಸ ಕಾಗದ ಕೇಳಬಹುದಿತ್ತು. ಆದರೆ ಹಳೆಯದನ್ನು ಒಪ್ಪಿಸಬೇಕಾದದ್ದು ಮೇಜಿನ ಹಿಂದೆ ಕೂತಿದ್ದ ಸ್ಟೆನ್ಸ್ರುಡ್ ಹೆಂಡತಿಗೆ. ಸ್ಟೆನ್ಸ್ರುಡ್ ಎಂದರೆ ಹೋಬಳಿ ಸಮಿತಿಯ ಅಧ್ಯಕ್ಷ. ಬಸ್ ಕೆಲಸ ಹಾಲ್ವರನಿಗೆ ಇನ್ನೊಂದು ವರ್ಷ ಉಂಟೋ ಇಲ್ಲವೋ ಎಂದು ಗುರುವಾರ ಹೇಳುವವನು. ಹಾಲ್ವರ್ ಕಾಗದ ಮಡಚಿ ಪೆಟ್ಟಿಗೆಗೆ ಹಾಕಿ, ಕದ್ದ ಕೋಳಿಯನ್ನು ಕೋಟಿನೊಳಗಿಟ್ಟುಕೊಂಡವನಂತೆ ಹೊರಗೆ ಬಂದ.

ಬಾಗಿಲಲ್ಲೇ ಸ್ಟೆನ್ಸ್ರುಡ್. ಅವನು ಮಾತಾಡುವ ಮುಂಚೆ ಹಳೆ ಟ್ರಾಕ್ಟರ್ ಚಾಲೂ ಆದಂತೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. "ಗರ್ರ್... ಈ ಸಲ ಕತ್ತೆಗೆ ಸೊನ್ನೆ ಕಣಯ್ಯ ಹಾಲ್ವರ್. ಒಂದು ಬಿತ್ತು ಅನ್ನು, ಯಾರದು ಅಂತ ಹುಡುಕ್ದೆ ಬಿಡಲ್ಲ."

ಹಾಲ್ವರ್ ಬಸ್ಸಿನತ್ತ ನಡೆಯುತ್ತ ಲೆಕ್ಕ ಹಾಕಿದ. ಒಂದು ಮತವಾದರೆ ಸಿಕ್ಕಿಬೀಳುತ್ತೇನೆ. ಎರಡಾದರೆ ಯಾರದು ಯಾವುದು ಎಂದು ಯಾರಿಗೆ ಗೊತ್ತಾಗುತ್ತದೆ? ಇನ್ನೊಂದು ಸಿಕ್ಕರೆ ಸಾಕು.

ಮೊದಲು ಬಸ್ ನಿಂತದ್ದು ವಿಧವೆ ಈಡಾ ಟ್ವೇಟ್ ಮನೆ ಮುಂದೆ.

"ಡೂಲಿ ನೆನಪಾಗ್ತಾನೆ ಈಡಾ. ಅವನ ಹೆಸರಿಗೆ ಅಂತ ಯಾರಾದ್ರೂ ಒಂದು ಮತ..."

"ಕತ್ತೆಗಾ? ತಲೆ ನೆಟ್ಟಗಿದೆಯೇನೋ ನಿಂದು? ನಮ್ಮಪ್ಪ ಸಮಾಧಿಯಿಂದ ಎದ್ದು ಬರ್ತಾರೆ." ಬಾಗಿಲು ಧಡಾರನೆ ಬಿತ್ತು.

ಎರಡನೆಯ ಮನೆಯವರು ಹಂದಿಗಳ ಮುಂದೆಯೇ ಬೈದರು. ಮೂರನೆಯ ಮನೆಯಲ್ಲಿ ಮುದುಕ ಟೋರ್ಗೆರ್, "ಒಳ್ಳೆ ಮನುಷ್ಯ ಡೂಲಿ. ನನ್ನ ಸುತ್ತಿಗೆ ತಗೊಂಡೋಗಿ ವಾಪಸ್ ಕೊಟ್ಟೋನು ಅವನೊಬ್ನೇ. ಆದ್ರೆ ಮತ ಕೊಡಲ್ಲ, ಹೋಗಪ್ಪ" ಎಂದ. ಹೀಗೆ ಮಧ್ಯಾಹ್ನದೊಳಗೆ ಒಂಬತ್ತು ಮನೆ, ಒಂಬತ್ತು ನಿರಾಕರಣೆ. ಹಳದಿ ಬಸ್ಸೆಂದರೆ ಜೋಳ ಕೊಯ್ದ ಬಯಲಿನಲ್ಲಿ ಎರಡು ಮೈಲಿಗೆ ಕಾಣುವ ವಸ್ತು. ಊರಿಗೆಲ್ಲ ಒಂದೇ ತಂತಿಯ ಟೆಲಿಫೋನ್ ಬೇರೆ. ಒಬ್ಬರು ಮಾತಾಡಿದರೆ ಹನ್ನೆರಡು ಮನೆಯವರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

ಸಂಜೆ ಎಣಿಕೆ. ಶಾಲೆಯ ಪುಟ್ಟ ಬೆಂಚಿನಲ್ಲಿ ಹಾಲ್ವರ್ ಮೊಣಕಾಲು ಗದ್ದಕ್ಕೆ ತಾಗಿಸಿ ಕೂತಿದ್ದ.

"ಗರ್ರ್... ಆನೆಗೆ ಐವತ್ತೊಂದು." ಸ್ಟೆನ್ಸ್ರುಡ್ ಕಾಗದವನ್ನು ತಿರುಗಿಸಿ ನೋಡಿದ. "ಕತ್ತೆಗೆ... ಹತ್ತು."

ಹತ್ತು! ಹಾಲ್ವರನಿಗೆ ಸ್ಟೆನ್ಸ್ರುಡ್‌ನನ್ನೇ ತಬ್ಬಿಕೊಳ್ಳುವಷ್ಟು ಖುಷಿಯಾಯಿತು. ಹತ್ತರಲ್ಲಿ ತನ್ನದೊಂದು ಯಾರಿಗೆ ಕಂಡೀತು?

ಪಕ್ಕದಲ್ಲಿದ್ದ ಈಡಾ ಅವನ ಕಿವಿಗೆ ಬಾಗಿದಳು. "ನಾನೊಬ್ಳೇ ಹಾಕಿರ್ತೀನಿ ಅಂದ್ಕೊಂಡಿದ್ದೆ ಕಣೋ. ಪಾಪ, ಡೂಲಿಗೆ ನನ್ನ ಸೇಬಿನ ಪೈ ಅಂದ್ರೆ ಪ್ರಾಣ." ಆಚೆ ಟೋರ್ಗೆರ್ ತನ್ನ ಬೂಟುಗಳನ್ನೇ ನೋಡುತ್ತಿದ್ದ. ಮಿಕ್ಕ ಏಳು ಜನ ಚಾವಣಿಯನ್ನು.

"ಹಾಲ್ವರ್," ಎಂದ ಸ್ಟೆನ್ಸ್ರುಡ್, ಈ ಸಲ ಗಂಟಲು ಸರಿಮಾಡಿಕೊಳ್ಳದೆ. "ನಿನ್ನ ಬಸ್ಸು ಇವತ್ತು ಎಷ್ಟು ಮನೆ ಮುಂದೆ ನಿಂತಿತ್ತು?"

ಹಾಲ್ವರ್ ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ಐದಾರು ಜನ ಒಟ್ಟಿಗೆ ಹೇಳಿದರು: "ಒಂಬತ್ತು."

"ಒಂಬತ್ತು. ಹತ್ತನೇದು ಯಾರದು ಅಂತ ಹುಡುಕೋ ಕಷ್ಟ ತಪ್ಪಿಸ್ದೆ. ಗುರುವಾರದವರೆಗೆ ಯಾಕೆ, ಕೀಲಿ ಈಗ್ಲೇ ಕೊಡು."

ಹಾಲ್ವರ್ ಮನೆಗೆ ನಡೆದೇ ಹೋದ. ಕೋಟು ಬಿಚ್ಚುವಷ್ಟರಲ್ಲಿ ಟೆಲಿಫೋನ್ ಬಡಿದುಕೊಂಡಿತು. ಎತ್ತಿದರೆ ತಂತಿಯಲ್ಲಿ ಹನ್ನೆರಡು ಮನೆಗಳ ಉಸಿರು, ಅದರ ನಡುವೆ ಒಂದು ಅಪರಿಚಿತ, ಜೇನಿನಂಥ ದನಿ.

"ಬೆರ್ಗುಮ್ ಅವ್ರೇ, ಡೆಮಾಕ್ರಟಿಕ್ ಪಕ್ಷದ ಜಿಲ್ಲಾ ಕಚೇರಿಯಿಂದ. ಒಂದಿದ್ದಿದ್ದನ್ನ ಒಂದೇ ದಿನದಲ್ಲಿ ಹತ್ತು ಮಾಡಿದ್ದೀರಿ. ಇನ್ಮೇಲೆ ಆ ಹೋಬಳಿಗೆ ನಮ್ಮ ಮುಖ್ಯಸ್ಥರು ನೀವೇ. ಸಂಬಳ ಇಲ್ಲ, ಮನೆಮನೆ ಸುತ್ತಬೇಕು ಅಷ್ಟೆ. ನಿಮಗೇನು ಕಷ್ಟ ಬಿಡಿ, ದೊಡ್ಡ ಬಸ್ಸೇ ಇದೆಯಂತಲ್ಲ."