ಹರಿಗೋಲಿಗೊಂದು ಹಡಗಿನ ರೇಡಿಯೊ

ಲೋಕದಲ್ಲಿ ಬಹುಪಾಲು ಜನ ಬೇಕಾದ ವಸ್ತುವನ್ನು ಕೊಳ್ಳುತ್ತಾರೆ, ಬಳಸುತ್ತಾರೆ, ಕೆಟ್ಟರೆ ಬೈಯುತ್ತಾರೆ. ನನಗೆ ಅಷ್ಟು ಸರಳವಾಗಿ ಬದುಕಲು ಬರುವುದಿಲ್ಲ. ಒಂದು ವಸ್ತು ಮನೆಯ ಹೊಸ್ತಿಲು ತುಳಿಯುವ ಮೊದಲು ಅದರ ಕುಲ, ಗೋತ್ರ, ಸ್ವಭಾವ, ಅದರ ದಾಯಾದಿಗಳ ಗುಣದೋಷ ಎಲ್ಲವೂ ನನಗೆ ತಿಳಿದಿರಬೇಕು. ಹಿಂದೊಮ್ಮೆ ಮಿಕ್ಸರ್ ಬೇಕಾದಾಗ ಮೂರು ವಾರ ಮೋಟಾರಿನ ಸುತ್ತು, ಬ್ಲೇಡಿನ ಕೋನ ಎಂದು ಓದುತ್ತ ಕೂತಿದ್ದೆ. ನಾಲ್ಕನೆಯ ವಾರ ನನ್ನ ಹೆಂಡತಿ ಸರೋಜ ಪೇಟೆಗೆ ಸೀರೆಗೆ ಫಾಲ್ ಹಚ್ಚಿಸಲು ಹೋದವಳು ಮಿಕ್ಸರನ್ನೂ ತಂದುಬಿಟ್ಟಳು. ಯಾವ ತರಹದ್ದು, ಎಷ್ಟು ವ್ಯಾಟಿನದು ಎಂದು ಕೇಳಿದೆ. ಹಸಿರು ಬಣ್ಣದ್ದು ಎಂದಳು. ಅದು ಇಂದಿಗೂ ತಕರಾರಿಲ್ಲದೆ ಶೇಂಗಾ ಪುಡಿ ಮಾಡುತ್ತಿದೆ. ನನ್ನ ಮೂರು ವಾರದ ಓದು ಮಾತ್ರ ಯಾವ ಕೆಲಸಕ್ಕೂ ಬಾರದೆ ನನ್ನ ತಲೆಯಲ್ಲೇ ಬಿದ್ದಿದೆ.

ಇಂಥವನು ನಾನು, ಈಚೆಗೆ ಹಡಗುಗಳ ರೇಡಿಯೊ ವಿಷಯಕ್ಕೆ ಬಿದ್ದೆ. ಬೇವೂರಿನಲ್ಲಿ ಹುಟ್ಟಿದವನು, ಕೊಪ್ಪಳದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಂಡಿರುವವನು. ಈಜು ಬಾರದು. ಸಮುದ್ರವನ್ನು ಕಂಡದ್ದು ಒಂದೇ ಸಲ, ಅದೂ ಪ್ಯಾಂಟು ಮಡಚಿಕೊಂಡು ಮೊಣಕಾಲಿನ ಆಳದವರೆಗೆ. ಅಂಥ ನನಗೆ ಈಗ ಹಡಗಿನವರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ವಿಎಚ್ಎಫ್ ರೇಡಿಯೊಗಳ ಬಗ್ಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ಹುಡುಕಿದರೂ ಇನ್ನೊಬ್ಬನಿಗೆ ಇರದಷ್ಟು ತಿಳಿವಳಿಕೆ ಇದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಕೇಳುವವರೇ ಇಲ್ಲದ ಜ್ಞಾನವನ್ನು ತಲೆಯಲ್ಲಿಟ್ಟುಕೊಂಡು ಓಡಾಡುವ ಕಷ್ಟ ನಿಮಗೂ ಸ್ವಲ್ಪ ಗೊತ್ತಾಗಲಿ ಎಂದು ಹೇಳುತ್ತಿದ್ದೇನೆ.

ಇದಕ್ಕೆಲ್ಲ ಕಾರಣ ನನ್ನ ಅಕ್ಕ ಶಾಂತಕ್ಕ. ಆಕೆಯನ್ನು ಕೊಟ್ಟದ್ದು ಗಂಗಾವತಿ ಹತ್ತಿರದ ಸಾಣಾಪುರಕ್ಕೆ. ಆಕೆಯ ಗಂಡ, ಅಂದರೆ ನನ್ನ ಮಾವ ಹುಲಿಗೆಪ್ಪ, ಅಲ್ಲಿಯ ಕೆರೆಯಲ್ಲಿ ಪ್ರವಾಸಿಗರನ್ನು ಹರಿಗೋಲಿನಲ್ಲಿ, ಅಲ್ಲಿಯವರ ಬಾಯಲ್ಲಿ ತೆಪ್ಪದಲ್ಲಿ, ಸುತ್ತಾಡಿಸುತ್ತಾನೆ. ವಯಸ್ಸು ಅರವತ್ತು ದಾಟಿದೆ, ತೋಳು ಇನ್ನೂ ಮೂವತ್ತರಲ್ಲೇ ಇದೆ. ಕಳೆದ ವರ್ಷ ಒಂದು ಮಧ್ಯಾಹ್ನ ಜೋರು ಗಾಳಿ ಎದ್ದು, ಮಾವ ಕೆರೆಯ ನಡುವಿನ ದೊಡ್ಡ ಬಂಡೆಗಳ ಹಿಂದೆ ಹರಿಗೋಲು ತಡೆದು ನಿಲ್ಲಿಸಿಕೊಂಡು, ಗಾಳಿ ನಿಲ್ಲುವವರೆಗೆ ಆರಾಮವಾಗಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಈಚೆ ದಂಡೆಯಲ್ಲಿ ಅಕ್ಕ ಎರಡು ತಾಸು ನಿಂತ ಕಾಲಲ್ಲೇ ನಿಂತಿದ್ದಳು. ಮೊಬೈಲ್ ಇರಲಿಲ್ಲವೇ ಎಂದರೆ, ಮಾವನ ಎರಡು ಮೊಬೈಲು ಆಗಲೇ ಕೆರೆಯ ತಳದಲ್ಲಿದ್ದವು. ಮೂರನೆಯದನ್ನು ನೀರಿಗೆ ಬಿದ್ದೀತೆಂಬ ಭಯದಿಂದ ಮನೆಯಲ್ಲೇ ಇಟ್ಟು ಹೋಗುತ್ತಿದ್ದ. ತಂದರೂ ಬಂಡೆಯ ಹಿಂದೆ ನೆಟ್‌ವರ್ಕ್ ಸಿಗುವುದಿಲ್ಲ.

ಆ ದಿನದಿಂದ ಅಕ್ಕ ಹಟ ಹಿಡಿದಳು. ತೆಪ್ಪ ಮಾರಬೇಕು, ಗಂಡ ದಂಡೆಯಲ್ಲಿ ಕೂತು ಬೇರೆಯವರ ತೆಪ್ಪ ಹತ್ತುವವರಿಗೆ ಲೈಫ್ ಜಾಕೆಟ್ ಹಂಚಿದರೆ ಸಾಕು. ಮಾವ ಜಗಳವಾಡಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು, ಹುಟ್ಟು ಹಿಡಿದೂ ಹಿಡಿದೂ ಗಟ್ಟಿಯಾಗಿದ್ದ ಎರಡೂ ಅಂಗೈ ತೋರಿಸಿ, "ಹುಟ್ಟು ಬಿಟ್ರ ಈ ಕೈ ಎಲ್ಲಿಡ್ಲಿ ಮಾಸ್ತರ್ರ?" ಎಂದ. ಅಕ್ಕನ ಹತ್ತಿರ ಹೋಗಿ ಬೇಡಿಕೊಂಡೆ. ಆಕೆ, "ಕಲ್ಲಿನ ಮರಿಗಿ ಹೋದ್ರ ಅದಾರೋ ಇಲ್ಲೋ ಅನ್ನೋದ ತಿಳಿಯಂಗಿಲ್ಲ ತಮ್ಮಾ. ಒಂದು ದನಿಯರ ಕೇಳಂಗ ಮಾಡು. ಆಗಲಿಲ್ಲಂದ್ರ ತೆಪ್ಪಾ ಮಾರೋದ ಖರೆ" ಎಂದಳು. ದನಿ ಕೇಳಿಸುವುದು ಎಂದರೆ ಭೌತಶಾಸ್ತ್ರ. ಅಕ್ಕ ನೇರವಾಗಿ ನನ್ನ ಅಂಗಳಕ್ಕೇ ಬಂದಿದ್ದಳು. ಒಪ್ಪಿಕೊಂಡೆ.

ಅಲ್ಲಿಂದ ಒಂದು ತಿಂಗಳು ನಾನು ಮನೆಯಲ್ಲಿದ್ದೂ ಸಮುದ್ರದ ಮೇಲಿದ್ದೆ. ಹಡಗಿನ ರೇಡಿಯೊಗಳಲ್ಲಿ ಎರಡು ಜಾತಿ. ಒಂದು ಹಡಗಿಗೇ ಕಚ್ಚಿಕೊಂಡಿರುವುದು, ಇಪ್ಪತ್ತೈದು ವ್ಯಾಟಿನದು, ಎತ್ತರದ ಆಂಟೆನಾ ಬೇಡುವಂಥದ್ದು. ಇನ್ನೊಂದು ಕೈಯಲ್ಲಿ ಹಿಡಿಯುವ ಐದು ವ್ಯಾಟಿನದು. ಈ ಕೈಯ ಸೆಟ್ಟುಗಳಲ್ಲಿ ಕೆಲವು ನೀರಿಗೆ ಬಿದ್ದರೆ ಮುಳುಗುವುದಿಲ್ಲವಂತೆ, ತೇಲುತ್ತ ತಾವೇ ದೀಪ ಮಿನುಗಿಸುತ್ತವಂತೆ. ಎರಡು ಮೊಬೈಲು ನುಂಗಿದ ಕೆರೆಯ ಮೇಲೆ ನನಗೆ ಸೇಡು ತೀರಿಸಿಕೊಂಡಷ್ಟು ಖುಷಿಯಾಯಿತು. ಆದರೆ ನನ್ನನ್ನು ಎಲ್ಲಕ್ಕಿಂತ ಹಿಡಿದು ಕೂರಿಸಿದ್ದು ಹದಿನಾರನೆಯ ಚಾನೆಲ್. ಸಮುದ್ರದ ಮೇಲಿರುವ ಹಡಗು ದೋಣಿಗಳೆಲ್ಲ ತಮ್ಮ ತಮ್ಮ ಕೆಲಸದ ನಡುವೆಯೂ ಆ ಒಂದು ಚಾನೆಲ್ಲಿಗೆ ಕಿವಿ ತೆರೆದಿಟ್ಟಿರುತ್ತವೆ. ಯಾರಿಗೆ ಕುತ್ತು ಬಂದರೂ ಅದರಲ್ಲಿ ಕೂಗಬಹುದು. ಗುರುತಿಲ್ಲದವನ ಕೂಗಿಗೆ ಎಲ್ಲರೂ ಮಾತು ನಿಲ್ಲಿಸಿ ಕಿವಿಗೊಡುತ್ತಾರೆ. ಇದನ್ನು ಓದಿ ನನ್ನ ಕಣ್ಣು ತುಂಬಿ ಬಂತು. ಸರೋಜಳಿಗೆ ವಿವರವಾಗಿ ಹೇಳಿದೆ. ಆಕೆ ಸೊಪ್ಪು ಸೋಸುತ್ತ 'ಹೂಂ' ಎಂದಳು.

ಕೊನೆಗೆ ಕರಾವಳಿಯ ಒಂದು ಅಂಗಡಿಗೆ ಫೋನು ಮಾಡಿದೆ. ದೋಣಿಯ ಉದ್ದ ಎಷ್ಟು ಎಂದು ಅಂಗಡಿಯವರು ಕೇಳಿದರು. ಉದ್ದ ಇಲ್ಲ, ದುಂಡಗಿದೆ ಎಂದೆ. ಎಂಜಿನ್ನಿನ ಬ್ಯಾಟರಿ ಎಷ್ಟು ವೋಲ್ಟಿನದು ಎಂದರು. ಎಂಜಿನ್ನಿಲ್ಲ, ಮಾವ ಇದ್ದಾನೆ ಎಂದೆ. ಮುಂಭಾಗದಲ್ಲಿ ಆಂಟೆನಾ ಕಂಬ ನಿಲ್ಲಿಸಲು ಜಾಗ ಇದೆಯೇ ಎಂದದ್ದಕ್ಕೆ, ಹರಿಗೋಲಿನ ಮುಂಭಾಗ ಯಾವುದೆಂದು ಕೇಳಿಕೊಂಡು ಹೇಳುತ್ತೇನೆ ಎಂದು ಫೋನಿಟ್ಟು ಮಾವನನ್ನು ಕೇಳಿದೆ. ತಾನು ಯಾವ ಕಡೆ ಮುಖ ಮಾಡಿ ಕೂರುತ್ತಾನೋ ಅದೇ ಮುಂಭಾಗ ಎಂದು ಆತ ಒಂದೇ ಮಾತಿನಲ್ಲಿ ಮುಗಿಸಿದ. ಇದನ್ನು ಅಂಗಡಿಯವರಿಗೆ ತಲುಪಿಸಿದಾಗ ಅವರು ನಕ್ಕು, "ಇದು ಸಮುದ್ರದ ಸೆಟ್ಟು ಮಾರಾಯ್ರೇ. ಇದಕ್ಕೆ ಪರವಾನಗಿ ಎಲ್ಲ ಬೇಕು. ನಿಮ್ಮ ಕೆರೆಗೆ ಯಾಕೆ ಇಷ್ಟು ದೊಡ್ಡದು?" ಎಂದರು. ಪರವಾನಗಿ ಬೇಡದ, ಕಡಿಮೆ ಶಕ್ತಿಯ, ಆದರೆ ನೋಡಲು ಅದರ ತಮ್ಮನ ಹಾಗೇ ಇರುವ ಸೆಟ್ಟೊಂದು ಇದೆಯಂತೆ. ನೀರು ಹೋಗುವುದಿಲ್ಲ, ತೇಲುತ್ತದೆ, ಬಟನ್ ಒತ್ತಿ ಮಾತಾಡುವುದು, ಬಿಟ್ಟು ಕೇಳುವುದು ಎಲ್ಲ ಅದೇ ಪದ್ಧತಿ. ಹದಿನಾರನೆಯ ಚಾನೆಲ್ ಕೈತಪ್ಪಿತಲ್ಲ ಎಂದು ಎರಡು ದಿನ ನನಗೆ ಊಟ ರುಚಿಸಲಿಲ್ಲ. ಮೂರನೆಯ ದಿನ ಜೋಡಿ ಸೆಟ್ಟು ತರಿಸಿದೆ. ಜೊತೆಗೆ ಕೊರಳಿಗೆ ಹಾಕುವ ಪಟ್ಟಿ, ಹೆಗಲಿಗೆ ಸಿಕ್ಕಿಸುವ ಪುಟ್ಟ ಮೈಕು, ಹೆಚ್ಚಿನ ಬ್ಯಾಟರಿಗಳು, ಇವನ್ನೆಲ್ಲ ತುಂಬಲು ನೀರು ಹೋಗದ ಚೀಲ.

ಬಂದ ದಿನವೇ ಬಚ್ಚಲುಮನೆಯ ಡ್ರಮ್ಮಿಗೆ ಸೆಟ್ಟು ಹಾಕಿ ನೋಡಿದೆ. ತೇಲಿತು. ಮುಳುಗಿಸಿ ಬಿಟ್ಟೆ. ಪುಟಿದು ಮೇಲೆ ಬಂತು. ಗಾಳಿ ಎಬ್ಬಿಸಲೆಂದು ಮೊರದಿಂದ ಬೀಸಿದೆ. ಕೊಡ ಹಿಡಿದು ಬಂದ ಸರೋಜ ಅದು ಮುಳುಗುತ್ತದೆಯೇ ಎಂದು ಕೇಳಿದಳು. ಜನ್ಮದಲ್ಲಿ ಮುಳುಗುವುದಿಲ್ಲ ಎಂದೆ. ಹಾಗಾದರೆ ತೆಗೆಯಿರಿ, ನನಗೆ ನೀರು ಬೇಕು ಎಂದಳು.

ಮುಂದಿನ ಭಾನುವಾರ ಸಾಣಾಪುರದಲ್ಲಿ ಪರೀಕ್ಷೆ. ಚೀಲ ಹೊರಲು ಸರೋಜಳನ್ನೂ ಕರೆದುಕೊಂಡು ಹೋಗಿದ್ದೆ. ದಂಡೆಯ ಮೇಲೆ ಅಕ್ಕ, ಮಾವ ಇಬ್ಬರನ್ನೂ ಕೂರಿಸಿ ಸಮುದ್ರದ ಶಿಸ್ತನ್ನು ಹೇಳಿಕೊಟ್ಟೆ. ಬಟನ್ ಒತ್ತಬೇಕು, ಒಂದು ಉಸಿರು ತಡೆಯಬೇಕು, ಕರೆಯುವವರ ಹೆಸರು ಎರಡು ಸಲ ಹೇಳಿ ಆಮೇಲೆ ತನ್ನ ಹೆಸರು ಹೇಳಬೇಕು, ಮಾತು ಚಿಕ್ಕದಿರಬೇಕು, ಕೊನೆಗೆ 'ಓವರ್' ಎಂದು ಬಟನ್ ಬಿಡಬೇಕು. ಮೊದಲ ಪಾಠದಲ್ಲೇ ಗಾಡಿ ನಿಂತಿತು. ಗಂಡನ ಹೆಸರು ಹಿಡಿದು ಕೂಗಬೇಕೆಂದಾಗ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಅದೂ ಎರಡೆರಡು ಸಲವೇ ಎಂದು ನನ್ನನ್ನು ಬೈದಳು. ಮದುವೆಯಾದಾಗಿನಿಂದ 'ಏನ್ರಿ' ಎಂದರೆ ಓಗೊಡುವ ಮನುಷ್ಯನಿಗೆ ಹೆಸರು ಯಾಕೆ ಎಂಬುದು ಆಕೆಯ ಪ್ರಶ್ನೆ. ನಾನು ರಾಜಿಗೆ ಬಂದು 'ಏನ್ರಿ'ಯನ್ನೇ ಮಂಜೂರು ಮಾಡಿದೆ.

ಮಾವ ಕೊರಳಿಗೆ ಸೆಟ್ಟು ಹಾಕಿಕೊಂಡು ನೀರಿಗಿಳಿದ. ಅಕ್ಕ ಬಟನ್ ಒತ್ತಿ, ಬುತ್ತಿಯಲ್ಲಿ ರೊಟ್ಟಿ ಇದೆ, ಎಣ್ಣೆಗಾಯಿ ಇದೆ, ಹೊತ್ತಿಗೆ ಸರಿಯಾಗಿ ತಿನ್ನಬೇಕು, ನಿನ್ನೆ ತಿನ್ನಲಿಲ್ಲ ಎಂದು ಶುರು ಮಾಡಿದಳು. ನಡುವೆ ನಿಲ್ಲಿಸಿ, "ಹೂಂ ಅನ್ನವಲ್ರಲ್ಲೋ" ಎಂದು ನನ್ನ ಮುಖ ನೋಡಿದಳು. ಅತ್ತ ಮಾವ, ಆಮೇಲೆ ತಿಳಿದದ್ದು, ಹೆಂಡತಿಯ ಒಂದೊಂದು ಮಾತಿಗೂ ನಿಷ್ಠೆಯಿಂದ ಬಟನ್ ಒತ್ತಿ ಒತ್ತಿ 'ಹೂಂ' ಎನ್ನುತ್ತಿದ್ದ. ಹಾಗೆ ಒತ್ತಿದಾಗಲೆಲ್ಲ ಆಕೆಯ ಮಾತು ಅವನಿಗೆ ಕೇಳುತ್ತಿರಲಿಲ್ಲ. ಆಕೆ ಒತ್ತಿ ಹಿಡಿದಿದ್ದರಿಂದ ಅವನ 'ಹೂಂ' ಇತ್ತ ಬರುತ್ತಿರಲಿಲ್ಲ. ಅವನಿಗೆ ರೊಟ್ಟಿ ಕೇಳಿಸಿತ್ತು, ಎಣ್ಣೆಗಾಯಿ ಕೇಳಿಸಿರಲಿಲ್ಲ.

ಈ ಒಂದು ಸಂಗತಿ ನನ್ನ ತಿಂಗಳ ಓದಿನಲ್ಲಿ ಎಲ್ಲೂ ಬಂದಿರಲಿಲ್ಲ. ನಮ್ಮ ಕಡೆ ಮಾತಾಡುವುದು ಒಬ್ಬರ ಕೆಲಸವಲ್ಲ. ಒಬ್ಬರು ಹೇಳಬೇಕು, ಇನ್ನೊಬ್ಬರು ಹೂಂಗುಡಬೇಕು. ನಮ್ಮ ಅಜ್ಜಿ ಕತೆ ಹೇಳುವಾಗ 'ಹೂಂ' ನಿಂತರೆ ರಾಜಕುಮಾರನನ್ನು ಕಾಡಿನಲ್ಲೇ ಬಿಟ್ಟು ಮಗ್ಗಲು ಬದಲಿಸುತ್ತಿದ್ದಳು. 'ಹೂಂ' ಬರಲಿಲ್ಲವೆಂದರೆ ಎದುರಿನವನಿಗೆ ಸಿಟ್ಟು ಬಂದಿದೆ, ಇಲ್ಲವೇ ನಿದ್ದೆ ಬಂದಿದೆ, ಇಲ್ಲವೇ ಏನೋ ಆಗಿದೆ. ಹಡಗಿನವರು ಸಮುದ್ರದ ಮೇಲೆ ಹೂಂಗುಡದೆ ಹೇಗೆ ಒಬ್ಬರನ್ನೊಬ್ಬರು ನಂಬಿಕೊಂಡಿರುತ್ತಾರೋ ಎಂಬ ಕುತೂಹಲ ನನಗೆ ಆ ಗಡಿಬಿಡಿಯಲ್ಲೂ ಹುಟ್ಟಿತು.

ಅಷ್ಟರಲ್ಲಿ ಹರಿಗೋಲು ಬಂಡೆಯ ಮರೆಗೆ ಸರಿಯಿತು. ಅಕ್ಕ ಬಟನ್ ಒತ್ತಿ ಹಿಡಿದು 'ಏನ್ರಿ, ಏನ್ರಿ' ಎಂದು ಕೂಗತೊಡಗಿದಳು. ಬಟನ್ ಬಿಡಬೇಕು, ಬಿಟ್ಟರೆ ಮಾತ್ರ ಅವನ ದನಿ ಬರುತ್ತದೆ ಎಂದು ಎಷ್ಟು ಹೇಳಿದರೂ ಬಿಡಲೊಲ್ಲಳು. ಒತ್ತಿ ಒತ್ತಿ ಆಕೆಯ ಹೆಬ್ಬೆರಳು ಬೆಳ್ಳಗಾಗಿತ್ತು. "ಬಿಟ್ರ ಹೋಗಿಬಿಡ್ತಾರೋ ತಮ್ಮಾ" ಎಂದಳು. ಹತ್ತು ನಿಮಿಷದ ಮೇಲೆ ಮಾವ ಎಂದಿನಂತೆ ಬಂಡೆಯ ಆ ಕಡೆಯಿಂದ ಬಂದು ದಂಡೆಗೆ ಹತ್ತಿದ. ಅಕ್ಕ ಸೆಟ್ಟನ್ನು ನನ್ನ ಮಡಿಲಿಗೆ ಹಾಕಿ, ತೆಪ್ಪಕ್ಕೆ ಗಿರಾಕಿ ನೋಡು ಎಂದಳು. ಮಾವ ಅಂಗೈ ನೋಡಿಕೊಂಡ. ನಾನು, ಆಂಟೆನಾ ಇನ್ನೊಂದಿಷ್ಟು ಎತ್ತರ ಮಾಡಿದರೆ ಎಂದು ಶುರು ಮಾಡಿದೆ.

ಆಗ ಮುಂಜಾನೆಯಿಂದ ಬ್ಯಾಟರಿ ಚೀಲ ಹಿಡಿದು ಸುಮ್ಮನೆ ಕೂತಿದ್ದ ಸರೋಜ ಎದ್ದು ಬಂದು, ಸೆಟ್ಟನ್ನು ನನ್ನ ಮಡಿಲಿನಿಂದ ತೆಗೆದು ಅಕ್ಕನ ಕೈಗಿಟ್ಟಳು. "ಅಕ್ಕಾರ, ಬುತ್ತಿ ಸುದ್ದಿ ಮನ್ಯಾಗ ಹೇಳ್ರಿ. ಇದರಾಗ 'ಏನ್ರಿ' ಅಂದು ಬೆರಳು ತಗೀರಿ. ಮುಂದಿಂದು ಅವರು ಹೂಂ ಅಂತಾರ" ಎಂದಳು. ಅಷ್ಟೇ. ಓವರ್ ಇಲ್ಲ, ಹೆಸರಿಲ್ಲ, ಸಮುದ್ರದ ಶಿಸ್ತು ಒಂದೂ ಇಲ್ಲ. ಮಾವ ಮತ್ತೆ ನೀರಿಗಿಳಿದು ಬಂಡೆಯ ಮರೆಗೆ ಹೋದ. ಅಕ್ಕ ಒತ್ತಿದಳು, 'ಏನ್ರಿ' ಎಂದಳು, ಬೆಂಕಿ ಮುಟ್ಟಿದವಳ ಹಾಗೆ ಬೆರಳು ತೆಗೆದಳು. ಸೆಟ್ಟು ಒಂದು ಕ್ಷಣ ಗೊರಗುಟ್ಟಿ, ಬಹಳ ಸ್ಪಷ್ಟವಾಗಿ 'ಹೂಂ' ಎಂದಿತು. ಅಕ್ಕ ಸೆಟ್ಟನ್ನು ಕಿವಿಯಿಂದ ದೂರ ಹಿಡಿದು ನೋಡಿದಳು. ಇನ್ನೊಮ್ಮೆ ಕೇಳಿದಳು, ಇನ್ನೊಮ್ಮೆ ಬಂತು. ತೆಪ್ಪ ಮಾರುವ ಮಾತು ಅಂದೇ ನಿಂತಿತು. ಈಗಲೂ ಮಾವ ನೀರಿನ ಮೇಲಿದ್ದಷ್ಟು ಹೊತ್ತು ಇವರಿಬ್ಬರದು ಇಷ್ಟೇ ಸಂಭಾಷಣೆ, ಬ್ಯಾಟರಿ ವಾರಗಟ್ಟಲೆ ಬರುತ್ತದೆ.

ಗಂಗಾವತಿಯಿಂದ ಕೊಪ್ಪಳಕ್ಕೆ ಬರುವ ಬಸ್ಸಿನಲ್ಲಿ ನಾನು ಬಹಳ ಹುರುಪಿನಲ್ಲಿದ್ದೆ. ಬಂಡೆ ಅಡ್ಡ ಬಂದರೂ ದನಿ ಹೇಗೆ ದಾಟಿತು, ನೀರಿನ ಮೇಲಿಂದ ಅಲೆಗಳು ಹೇಗೆ ಪುಟಿದಿರಬಹುದು, ಉಳಿದ ಬಂಡೆಗಳು ಇದರಲ್ಲಿ ಎಷ್ಟು ನೆರವಾದವು ಎಂದು ಒಂದೊಂದಾಗಿ ಬಿಡಿಸಿ ಹೇಳಿದೆ. ಸರೋಜ ಎಂದಿನಂತೆ 'ಹೂಂ' ಎನ್ನುತ್ತ ಬಂದಳು. ಏಕೋ ಅನುಮಾನ ಬಂದು, ಇಲ್ಲಿಯವರೆಗೆ ನಾನು ಏನು ಹೇಳಿದೆ ಹೇಳು ನೋಡೋಣ ಎಂದೆ. "ನೀವು ಮದಿವ್ಯಾದ ದಿನ ಒತ್ತಿದ ಬಟನ್ ಇನ್ನೂ ಬಿಟ್ಟಿಲ್ರಿ. ಬಿಟ್ಟ ದಿನ ನಂದೂ ಒಂದು ಹೇಳ್ತೀನಿ" ಎಂದಳು, ಸಿಟ್ಟಿಲ್ಲದೆ, ಕಿಟಕಿಯ ಹೊರಗೆ ನೋಡುತ್ತ.

ಇಪ್ಪತ್ತಾರು ವರ್ಷ. ನಾನು ಬಾಯಿ ಮುಚ್ಚಿದೆ. ಸುಲಭವಿರಲಿಲ್ಲ. ಎರಡು ಊರು ದಾಟಿದ ಮೇಲೆ ಆಕೆ ಮಾತಾಡಿದಳು. ಮದುವೆಯಾಗಿ ಬಂದಾಗಿನಿಂದ ಸಾಣಾಪುರಕ್ಕೆ ಎಷ್ಟು ಸಲ ಹೋಗಿಲ್ಲ? ಎಲ್ಲೆಲ್ಲಿಂದಲೋ ಬಂದ ಜನ ತೆಪ್ಪದಲ್ಲಿ ಕೂತು ಗಿರಗಿರ ತಿರುಗಿ ನಗುತ್ತಾರೆ. ತನ್ನನ್ನು ಮಾತ್ರ ಒಂದು ಸಲವೂ ಯಾರೂ ಬಾ ಎನ್ನಲಿಲ್ಲ. ಇವತ್ತೂ ದಂಡೆಯ ಮೇಲೆ ಚೀಲ ಹಿಡಿದು ಕೂತದ್ದೇ ಆಯಿತು. ಕೇಳಿ ನನಗೆ ನಾಚಿಕೆಯಾಯಿತು. ಹೇಳಲು ಬಹಳ ಮಾತಿತ್ತು, ಎಲ್ಲವನ್ನೂ ನುಂಗಿ 'ಹೂಂ' ಎಂದೆ.

ಮರು ಭಾನುವಾರವೇ ಹೋದೆವು. ಈಜು ಬಾರದ ನಾನು ಎರಡು ಜಾಕೆಟ್ ಹಾಕಿಕೊಳ್ಳಬಹುದೇ ಎಂದು ಕೇಳಿ, ಒಂದರಲ್ಲೇ ತೃಪ್ತನಾಗಿ ಹರಿಗೋಲಿನ ಅಂಚು ಅಪ್ಪಿಕೊಂಡು ಕೂತೆ. ಬಂಡೆಯ ಆಚೆ ನೀರು ವಿಶಾಲವಾದಲ್ಲಿ ಮಾವ ಹುಟ್ಟು ಹಾಕಿ ಹರಿಗೋಲನ್ನು ಗಿರಗಿರನೆ ತಿರುಗಿಸಿದ. ಸರೋಜ ನಕ್ಕಳು. ಹಾಗೆ ಆಕೆ ನಗುವುದನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಆದರೆ ಕೆರೆ, ಬಂಡೆ, ಆಕಾಶ ಎಲ್ಲ ಒಂದರ ಹಿಂದೊಂದು ಓಡುತ್ತಿದ್ದ ಆ ಹೊತ್ತಿನಲ್ಲಿ ಸೆಟ್ಟು 'ಏನ್ರಿ' ಎಂದಿತು. ಮಾವನ ಎರಡೂ ಕೈ ಹುಟ್ಟಿನ ಮೇಲಿದ್ದವು. ಸೆಟ್ಟು ತೂಗುತ್ತಿದ್ದ ಕೊರಳನ್ನು ನನ್ನತ್ತ ಬಾಗಿಸಿ, ನೀವೇ ಹೇಳಿರಿ ಎಂದ. ಹಡಗಿನ ರೇಡಿಯೊದ ಸಮಸ್ತ ವಿದ್ಯೆಯನ್ನೂ ಬಲ್ಲ ನಾನು ಸೆಟ್ಟನ್ನು ಕೈಗೆ ತೆಗೆದುಕೊಂಡು, ಕಣ್ಣು ಮುಚ್ಚಿ, 'ಹೂಂ' ಎಂದೆ. ಉತ್ತರ ಬರಲಿಲ್ಲ. ಮತ್ತೆ 'ಏನ್ರಿ' ಬಂತು, ಈ ಸಲ ಅಕ್ಕನ ದನಿಯಲ್ಲಿ ನಡುಕವಿತ್ತು. ನಾನು ಇದ್ದ ಉಸಿರನ್ನೆಲ್ಲ ಕೂಡಿಸಿ ಇನ್ನೂ ಗಟ್ಟಿಯಾಗಿ 'ಹೂಂ' ಎಂದೆ. ಆಗಲೂ ಇಲ್ಲ. ಕಣ್ಣು ತೆರೆದು ನೋಡಿದರೆ, ನಾನು ಬಟನ್ ಒತ್ತಿಯೇ ಇರಲಿಲ್ಲ. ಸರೋಜ ಪಕ್ಕಕ್ಕೆ ಸರಿದು, ನನ್ನ ಹೆಬ್ಬೆರಳ ಮೇಲೆ ತನ್ನ ಹೆಬ್ಬೆರಳಿಟ್ಟು ಒತ್ತಿ ಹಿಡಿದಳು.

"ಈಗ ಅನ್ರಿ" ಎಂದಳು.