ಬ್ರಾಡಿ ಪೆನ್‌ಹಾಲೋ ಅವರ ಮೊಣಕಾಲು ಇನ್ನೂ ಆರು ವಾರ ವಾಸಿಯಾಗದಂತೆ ಕೋರಿ

ಸುಂಡ್‌ಬೀಬರ್ಯ್, ಸ್ಟಾಕ್‌ಹೋಮ್, ಸ್ವೀಡನ್
ಮೇ 13, ಮಂಗಳವಾರ

ಇಂದ,
ಕೆ. ಎನ್. ರಾಮಮೂರ್ತಿ,
ಅಧ್ಯಕ್ಷ, ಪೆನ್‌ಹಾಲೋ ಸ್ಥಿತಿಗತಿ ಪರಾಮರ್ಶೆ ಸಮಿತಿ (ಒಟ್ಟು ಸದಸ್ಯರು ಮೂವರು),
ಮೂರನೆಯ ಮಹಡಿ, ಲಿಫ್ಟ್ ಇಲ್ಲದ ಕಟ್ಟಡ,
ಸುಂಡ್‌ಬೀಬರ್ಯ್.

ಗೆ,
ಮುಖ್ಯ ವೈದ್ಯಾಧಿಕಾರಿಗಳು,
ಮರ್ರಿ ಬೆಂಡ್ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಕ್ಲಬ್,
ಮೆಲ್ಬರ್ನ್.

ವಿಷಯ: ತಮ್ಮ ತಾರಾ ಆಟಗಾರರಾದ ಶ್ರೀ ಬ್ರಾಡಿ ಪೆನ್‌ಹಾಲೋ ಅವರನ್ನು ಗಾಯಾಳುಗಳ ಪಟ್ಟಿಯಲ್ಲೇ ಇನ್ನೂ ಆರು ವಾರ ಮುಂದುವರಿಸುವ ಕುರಿತು.

ಉಲ್ಲೇಖ:
1. ತಾವು ಪ್ರತಿ ಮಂಗಳವಾರ ಪ್ರಕಟಿಸುವ ಗಾಯಾಳುಗಳ ಪಟ್ಟಿ, ಮಾರ್ಚ್ 11ರದು: "ಪೆನ್‌ಹಾಲೋ, ಮೊಣಕಾಲು, ಅವಧಿ ನಿಗದಿಯಾಗಿಲ್ಲ."
2. ಅದೇ ಪಟ್ಟಿ, ಇಂದಿನದು: "ಪೆನ್‌ಹಾಲೋ, ಈ ಶನಿವಾರ ಲಭ್ಯ."
3. ಮಾರ್ಚ್ 11ರ ಬೆಳಿಗ್ಗೆ 7.20ಕ್ಕೆ ಸುಂಡ್‌ಬೀಬರ್ಯ್ ಸ್ಟೇಷನ್ನಿನ ದಾರಿಯಲ್ಲಿದ್ದ ಮಂಜುಗಡ್ಡೆ.

ಮಾನ್ಯರೇ,

ಮೇಲ್ಕಂಡ ವಿಷಯ ಮತ್ತು ಉಲ್ಲೇಖಗಳಿಗೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಹನ್ನೆರಡು ವರ್ಷಗಳ ಅಭಿಮಾನಿಯೊಬ್ಬ ತನ್ನ ಆಟಗಾರನ ಕಾಲು ವಾಸಿಯಾಗದಿರಲಿ ಎಂದು ಅರ್ಜಿ ಹಾಕುವುದು ವಿಚಿತ್ರವೆಂದು ತಮಗೆ ತೋರಬಹುದು. ನನಗೂ ಹಾಗೆಯೇ ತೋರುತ್ತಿದೆ. ಆದರೆ ನನ್ನ ತಂದೆಯವರು ಕೋಲಾರದ ಖಜಾನೆಯಲ್ಲಿ ಶಿರಸ್ತೇದಾರರಾಗಿದ್ದರು. ಬಾಯಲ್ಲಿ ಹೇಳಲಾಗದ ವಿಷಯ ಯಾವುದಿದ್ದರೂ ಬರೆದುಕೊಡು ಎನ್ನುತ್ತಿದ್ದರು. ಆದ್ದರಿಂದ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣ, ಈ ಕಾಗದ ನನ್ನ ಮಗಳ ಕಣ್ಣಿಗೆ ಬಿದ್ದರೂ ಚಿಂತೆಯಿಲ್ಲ; ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ತಮಗೂ ಓದಲು ಬರುವುದಿಲ್ಲವೆಂಬುದು ಆಡಳಿತಾತ್ಮಕ ತೊಡಕು. ಅದನ್ನು ಆಮೇಲೆ ನೋಡೋಣ.

1. ಹಿನ್ನೆಲೆ: ಕಂಪನಿಯ ಕೆಲಸದ ಮೇಲೆ ನಾನು, ನನ್ನ ಹೆಂಡತಿ ಕಾಂಚನಾ ಮತ್ತು ಮಗಳು ದಿಶಾ ಮೂರು ವರ್ಷ ಮೆಲ್ಬರ್ನಿನಲ್ಲಿ ಇದ್ದೆವು. ಪಕ್ಕದ ಮನೆಯವರು ಒಂದು ಶನಿವಾರ ತಮ್ಮ ಮೈದಾನಕ್ಕೆ ಕರೆದೊಯ್ದರು. ಮೊಟ್ಟೆಯಾಕಾರದ ಮೈದಾನ, ಮೊಟ್ಟೆಯಾಕಾರದ ಚೆಂಡು, ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ಕಾಲಲ್ಲಿ ಒದೆಯಬಹುದು, ಕೈಯಲ್ಲಿ ಹಿಡಿಯಬಹುದು, ಒಬ್ಬರ ಹೆಗಲ ಮೇಲೊಬ್ಬರು ಹತ್ತಬಹುದು. ಇದೇನು ಆಟವೋ ಜಾತ್ರೆಯ ನೂಕುನುಗ್ಗಲೋ ಎಂದು ನಾನು ಕಣ್ಣು ಬಿಡುತ್ತಿದ್ದಾಗ, ಇಪ್ಪತ್ತರ ಹುಡುಗ ಪೆನ್‌ಹಾಲೋ ಮೂವರ ತಲೆಯ ಮೇಲಿಂದ ಚೆಂಡು ಹಿಡಿದು ಕೆಳಗಿಳಿದ. ಏಳು ವರ್ಷದ ದಿಶಾ ನನ್ನ ಹೆಗಲ ಮೇಲೆ ಎದ್ದು ನಿಂತುಬಿಟ್ಟಳು. ಅಂದಿನಿಂದ ಅವರು ನಮ್ಮ ಮನೆಯವರೇ. ಕಾಂಚನಾ ಅವರನ್ನು "ನಿಮ್ಮ ಬ್ರಾಡಪ್ಪ" ಎನ್ನುತ್ತಾಳೆ.

2. ಸಮಿತಿಯ ಸ್ಥಾಪನೆ: ಆಮೇಲೆ ನಮಗೆ ಸ್ವೀಡನ್ನಿಗೆ ವರ್ಗವಾಯಿತು. ಇಲ್ಲಿ ಈ ಆಟ ಯಾರಿಗೂ ಗೊತ್ತಿಲ್ಲ. ಆಫೀಸಿನ ಫೀಕಾದಲ್ಲಿ, ಅಂದರೆ ಕಾಫಿ ವಿರಾಮದಲ್ಲಿ, ನಾನು ಒಂಬತ್ತು ವರ್ಷಗಳಿಂದ ಅದನ್ನು ವಿವರಿಸುತ್ತಿದ್ದೇನೆ. ಕೇಳಿದವರು ಕೊನೆಗೆ "ಓಹೋ, ರಗ್ಬಿ" ಎನ್ನುತ್ತಾರೆ. ಆದ್ದರಿಂದ ನಾನು ಮತ್ತು ದಿಶಾ ಸೇರಿ ಸಮಿತಿ ಮಾಡಿಕೊಂಡೆವು. ಟ್ರೋಲ್‌ಹೆಟ್ಟನ್‌ನಲ್ಲಿ ವಿಮಾನದ ಎಂಜಿನ್ ಪರೀಕ್ಷಿಸುವ ನಿಖಿಲ್, ನನ್ನ ಹಳೆಯ ಸಹೋದ್ಯೋಗಿ, ಮೂರನೆಯ ಸದಸ್ಯ. ಮೂವರೂ ಇಂಗ್ಲಿಷಿನಲ್ಲಿ ಬರೆಯಬಹುದಾದ ಒಂದು ಹಾಳೆ ಕಂಪ್ಯೂಟರಿನಲ್ಲಿದೆ. ಅದರಲ್ಲಿ ವಾರವಾರ ಪೆನ್‌ಹಾಲೋ ಅವರ ಓಟ, ಹಿಡಿತ, ಒದೆತ, ಗಾಯ ಮತ್ತು ಸಾಕ್ಸಿಗೆ ಹತ್ತಕ್ಕಿಷ್ಟು ಎಂದು ಅಂಕ ಹಾಕುತ್ತೇವೆ. ಸಾಕ್ಸಿನ ಕಲಂ ದಿಶಾಳದು. ಆಟದ ಮಧ್ಯೆ ಮೂರು ಸಲಕ್ಕಿಂತ ಹೆಚ್ಚು ಸಾಕ್ಸು ಎಳೆದುಕೊಂಡರೆ ಅವರ ಮನಸ್ಸು ಸರಿಯಿಲ್ಲ ಎಂದರ್ಥ. ತಮ್ಮ ಇಲಾಖೆ ಇದನ್ನು ಗಮನಿಸಿಲ್ಲವಾದರೆ ಗಮನಿಸತಕ್ಕದ್ದು. ನಿಖಿಲ್ ಮಾತ್ರ ಎರಡು ವರ್ಷಗಳಿಂದ ಒಂದೇ ಷರಾ ಬರೆಯುತ್ತಾನೆ: "ವಯಸ್ಸು ಮೂವತ್ತು ದಾಟ್ತು ಸರ್. ಮೆಟಲ್ ಫ್ಯಾಟೀಗ್, ಲೋಹಕ್ಕೂ ಸುಸ್ತಾಗುತ್ತೆ. ಬಿರುಕು ಕಾಣಲ್ಲ, ಇರುತ್ತೆ." ಅವನಿಗೆ ಮನುಷ್ಯನನ್ನೂ ಎಂಜಿನ್ನನ್ನೂ ಬೇರೆ ಮಾಡಿ ನೋಡುವುದು ಬರುವುದಿಲ್ಲ.

3. ಕಳೆದ ಆಗಸ್ಟಿನಲ್ಲಿ ದಿಶಾ ಓದಲು ರೈಲಿನಲ್ಲಿ ಮೂರು ಗಂಟೆ ದೂರದ ಯೋನ್‌ಶೋಪಿಂಗಿಗೆ ಹೋದಳು. ಕೃತಕ ಕಾಲು, ಬೆನ್ನುಪಟ್ಟಿ, ಮೊಣಕಾಲು ಪಟ್ಟಿ ಮುಂತಾದವನ್ನು ರೋಗಿಯ ಅಳತೆಗೆ ತಕ್ಕಂತೆ ತಯಾರಿಸುವ ಓದು. ಹೊರಡುವ ಹಿಂದಿನ ದಿನ, "ಬೇಕಾದ್ರೆ ನಾನು ಸ್ಟಾಕ್‌ಹೋಮಲ್ಲೇ ಏನಾದ್ರೂ ಓದ್ತೀನಿ" ಎಂದಳು. "ನಮಗೇನಾಗುತ್ತೆ? ಗುಂಡುಕಲ್ಲಿನ ಹಾಗಿದೀವಿ. ನೀನು ಹೋಗು" ಎಂದು ನಾನೇ ಹೇಳಿ ಕಳಿಸಿದೆ. ಹೋದಳು. ಆಮೇಲೆ ಫೋನ್ ಮಾಡಿದರೆ ಯಾ, ನೇ, ಹೇ ದೋ ಎಂಬ ಮೂರು ಸ್ವೀಡಿಷ್ ಮಾತುಗಳಲ್ಲಿ, ಅಂದರೆ ಹೌದು, ಇಲ್ಲ, ಬರ್ತೀನಿ ಎನ್ನುವಲ್ಲಿಗೆ ಮುಗಿಯುತ್ತಿತ್ತು. ಚಳಿಗಾಲದಲ್ಲಿ ತಮ್ಮ ಆಟಕ್ಕೂ ರಜೆ. ಹಾಳೆ ಖಾಲಿ ಬಿದ್ದಿತ್ತು. ಮನೆಯೂ ಹಾಗೇ ಇತ್ತು.

4. ಬೀಳುವಿಕೆಯ ವಿವರ: ಮಾರ್ಚ್ 11ರಂದು ಆಫೀಸಿಗೆ ಹೊರಟವನು ದಾರಿಯಲ್ಲಿ ಫೋನ್ ತೆರೆದು ತಮ್ಮ ಪಟ್ಟಿ ನೋಡಿದೆ. "ಪೆನ್‌ಹಾಲೋ, ಮೊಣಕಾಲು" ಎಂದು ಓದಿ ಅಯ್ಯೋ ಎನ್ನುವಷ್ಟರಲ್ಲಿ ನನ್ನ ಎಡಗಾಲು ಮಂಜುಗಡ್ಡೆಯ ಮೇಲೆ ಒಂದು ಕಡೆ ಹೋಯಿತು, ನಾನು ಇನ್ನೊಂದು ಕಡೆ ಹೋದೆ. ಊಟದ ಡಬ್ಬಿ ತೆರೆದುಕೊಂಡು ಚಿತ್ರಾನ್ನ ಹಿಮದ ಮೇಲೆ ಹರಡಿತು. ಕಾರಣ, ಸದರಿ ಪಟ್ಟಿಯಲ್ಲಿ ಅವರ ಹೆಸರು ಇರದಿದ್ದರೆ ನಾನು ನೆಲ ನೋಡಿಕೊಂಡು ನಡೆಯುತ್ತಿದ್ದೆ ಎಂಬ ಅಂಶವನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

5. "ಡಾಕ್ಟರ ಹತ್ರ ಹೋಗ್ರೀ, ಇಲ್ಲಾಂದ್ರೆ ದಿಶಾಗೆ ಹೇಳ್ತೀನಿ" ಎಂದಳು ಕಾಂಚನಾ. ಎರಡನ್ನೂ ತಡೆಯಬೇಕಾಗಿತ್ತು. ಡಾಕ್ಟರ ಬಳಿ ಹೋದರೆ ಅದು ದೊಡ್ಡ ಗಾಯವೆಂದು ತಿಳಿಯುವ ಭಯ. ದಿಶಾಗೆ ಹೇಳಿದರೆ ಅವಳು ಓದು ಬಿಟ್ಟು ಬಂದಾಳೆಂಬ ಭಯ. ಆ ಸಂಜೆ ಕಾಲು ಮೇಲಿಟ್ಟುಕೊಂಡು ಕೂತಿದ್ದಾಗ ಕಂಪ್ಯೂಟರಿನ ಹಾಳೆ ಕಣ್ಣಿಗೆ ಬಿತ್ತು. ತಮ್ಮ ಪಟ್ಟಿಯಲ್ಲಿ ಮೊಣಕಾಲು ಎಂದಷ್ಟೇ ಇತ್ತು. ಎಡವೋ ಬಲವೋ ತಿಳಿಸಿರಲಿಲ್ಲ, ನೋವಿನ ಬಗೆ ಬರೆದಿರಲಿಲ್ಲ. ಆ ಖಾಲಿ ಜಾಗವನ್ನು ನಾನು ತುಂಬಿದೆ. "ಪೆನ್‌ಹಾಲೋ: ಎಡ ಮೊಣಕಾಲು. ಮೆಟ್ಟಿಲು ಹತ್ತುವಾಗ ಪರವಾಗಿಲ್ಲ, ಇಳಿಯುವಾಗ ಜೀವ ಹೋಗುತ್ತದೆ. ಮೂಲ: ಮೆಲ್ಬರ್ನಿನ ನಮ್ಮ ಹಳೆಯ ನೆರೆಮನೆಯವರು."

ಹತ್ತು ನಿಮಿಷದಲ್ಲಿ ಫೋನ್ ಬಂತು.

"ಅಪ್ಪ, ಊತ ಇದೆಯಂತಾ? ಬೆಳಿಗ್ಗೆ ಜಾಸ್ತಿನಾ, ಸಂಜೆ ಜಾಸ್ತಿನಾ?"

"ಸಂಜೆ ಜಾಸ್ತಿ. ಅಂತೆ."

"ಲಾಕ್ ಆಗುತ್ತಾ?"

"ತಡಿ, ಕೇಳಿ ಹೇಳ್ತೀನಿ" ಎಂದು ಕಾಲನ್ನು ಎರಡು ಸಲ ಮಡಿಸಿ ನೋಡಿ, "ಇಲ್ಲವಂತೆ" ಎಂದೆ.

ಅಂದು ನಾವು ನಲವತ್ತು ನಿಮಿಷ ಮಾತಾಡಿದೆವು. ಅವಳು ಕೇಳುತ್ತಿದ್ದುದು ಪೆನ್‌ಹಾಲೋ ಅವರ ನೋವನ್ನು. ಉತ್ತರ ಕೊಡುವಾಗ ಆದ ಸಂತೋಷ ಮಾತ್ರ ನನ್ನದು.

6. ಆಮೇಲೆ ಇದು ವಾರಕ್ಕೆ ಮೂರು ಸಲ ನಡೆಯಿತು. ಅವಳು ಐಸ್ ಇಡಲಿ ಎಂದಳು, ಇಟ್ಟೆ. ತೊಡೆಯ ಸ್ನಾಯು ಬಿಗಿ ಮಾಡುವ ವ್ಯಾಯಾಮ ಬರೆದಳು, ಮಾಡಿದೆ. ಹಾಳೆಯಲ್ಲಿ ಕೆಲವು ಅಚಾತುರ್ಯಗಳು ನಡೆದಿರುವುದನ್ನು ಒಪ್ಪಿಕೊಳ್ಳುತ್ತೇನೆ. "ರೈಲು ಹತ್ತುವಾಗ ಕಂಬಿ ಹಿಡಿದುಕೊಳ್ಳಬೇಕಾಗುತ್ತದೆ" ಎಂದು ಒಮ್ಮೆ ಬರೆದೆ. ನಿಖಿಲ್ ಕೂಡಲೇ ಕೇಳಿದ: "ಸರ್, ಅಷ್ಟು ದೊಡ್ಡ ಸ್ಟಾರು ರೈಲಲ್ಲಿ ಯಾಕೆ ಓಡಾಡ್ತಾನೆ?" ಪರಿಸರದ ಕಾಳಜಿ ಎಂದು ಉತ್ತರಿಸಿದೆ. ಯುಗಾದಿಯ ದಿನ ಪೂಜೆ ಮುಗಿಸಿ ಏಳಲಾಗದೆ ಕಾಂಚನಾಳ ಕೈ ಹಿಡಿದು ಎದ್ದೆ. ಆ ಸಂಕಟದಲ್ಲಿ, "ಇಂದು ನೆಲದ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂತವರಿಗೆ ಏಳಲು ಆಗಲಿಲ್ಲ" ಎಂದು ದಾಖಲಿಸಿದೆ. ಅದಕ್ಕೆ ಯಾರೂ ಏನೂ ಆಕ್ಷೇಪವೆತ್ತಲಿಲ್ಲವಾದ್ದರಿಂದ ಕಡತದಲ್ಲಿ ಹಾಗೇ ಉಳಿದಿದೆ. ಏಪ್ರಿಲಿನಲ್ಲಿ ದಿಶಾ, "ಬ್ರಾಡಿ ಮೊಣಕಾಲಿನ ಸುತ್ತಳತೆ ಸಿಗುತ್ತಾ? ತೊಡೇದು, ಮೀನಖಂಡದ್ದೂ ಬೇಕು. ಕ್ಲಾಸ್ ಪ್ರಾಜೆಕ್ಟಿಗೆ" ಎಂದಳು. ಕಾಂಚನಾಳ ಹೊಲಿಗೆ ಟೇಪು ತೆಗೆದುಕೊಂಡು ಅಳೆದು, ಮೊಣಕಾಲು ಮೂವತ್ತೆಂಟು ಸೆಂಟಿಮೀಟರ್ ಎಂದು ವರದಿ ಸಲ್ಲಿಸಿದೆ. ಆರೂವರೆ ಅಡಿ ಎತ್ತರ, ನೂರು ಕಿಲೋ ತೂಕದ ಆಟಗಾರನ ತೊಡೆ ನನ್ನ ತೊಡೆಯಷ್ಟೇ ಇರುತ್ತದೆಯೇ ಎಂಬ ಪ್ರಶ್ನೆ ಆ ಹೊತ್ತಿನಲ್ಲಿ ನನಗೆ ಹೊಳೆಯಲಿಲ್ಲ.

7. ಹೀಗಿರುವಾಗ ಇಂದು ತಾವು ಯಾವ ಪೂರ್ವಸೂಚನೆಯೂ ಇಲ್ಲದೆ ಅವರು ಗುಣಮುಖರೆಂದು ಘೋಷಿಸಿದ್ದೀರಿ. ನನ್ನ ಕಾಲು ಗುಣವಾಗಿಲ್ಲ. ಅವರು ಶನಿವಾರ ಮೈದಾನದಲ್ಲಿ ಓಡಿದರೆ ನನ್ನ ಕಾಲಿನ ಬಗ್ಗೆ ಕೇಳುವವರು ಇರುವುದಿಲ್ಲ. ಮತ್ತೆ ಯಾ, ನೇ, ಹೇ ದೋ. ಇದನ್ನು ತಡೆದುಕೊಳ್ಳುವ ಶಕ್ತಿ ಅರ್ಜಿದಾರನಿಗಿಲ್ಲ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಶ್ರೀ ಪೆನ್‌ಹಾಲೋ ಅವರನ್ನು ಇನ್ನೂ ಆರು ವಾರ ಗಾಯಾಳುವೆಂದೇ ಪರಿಗಣಿಸಬೇಕಾಗಿ ಕೋರುತ್ತೇನೆ. ಅವರಿಗೆ ನಿಜವಾಗಿ ನೋವಿರಬೇಕೆಂದೇನೂ ಇಲ್ಲ. ಕಾಗದದ ಮೇಲಿದ್ದರೆ ಸಾಕು.

ತಿದ್ದುಪಡಿ (ಮೇ 17, ಶನಿವಾರ, ಸಂಜೆ)

ಮೇಲಿನ ಅರ್ಜಿಯನ್ನು ಅಂಚೆಗೆ ಹಾಕಲು ಮೂರು ಮಹಡಿ ಇಳಿಯಬೇಕಾಗಿದ್ದರಿಂದ ಅದು ಮನೆಯಲ್ಲೇ ಉಳಿಯಿತು. ಅಷ್ಟರಲ್ಲಿ ಸದರಿ ಆಟಗಾರರು ಇಂದು ಆಡಿಬಿಟ್ಟರು. ಇಲ್ಲಿ ಬೆಳಗಿನ ಆರರ ಸುಮಾರು. ನಾನು ಲ್ಯಾಪ್‌ಟಾಪಿನ ಮುಂದೆ, ನಿಖಿಲ್ ಫೋನಿನಲ್ಲಿ. ಆಟಗಾರರು ಮೈದಾನಕ್ಕಿಳಿದ ಮರುಕ್ಷಣವೇ ನಿಖಿಲ್ ಕೂಗಿದ: "ಸರ್! ಮೊಣಕಾಲು ಪಟ್ಟಿ ಬಲಗಾಲಿಗಿದೆ! ನಾವು ಎರಡು ತಿಂಗಳಿಂದ ಎಡಗಾಲು ನೋಡ್ತಿದೀವಲ್ಲ ಸರ್!" ನಾನು ನೆಟ್‌ವರ್ಕ್ ಸರಿಯಿಲ್ಲವೆಂದು ಫೋನ್ ಇಟ್ಟೆ. ಪೆನ್‌ಹಾಲೋ ಐದು ಗೋಲು ಹೊಡೆದರು. ಒಂದೊಂದು ಗೋಲಿಗೂ ಎದ್ದು ಕುಣಿಯುವ ನಾನು ಇಂದು ಕೂತಲ್ಲೇ ಕೂತಿದ್ದೆ. ಏಳಲೂ ಆಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ದಿಶಾ ಮಾತ್ರ ಫೋನ್ ಮಾಡಲಿಲ್ಲ.

ಆಟ ಮುಗಿದು ಐದು ನಿಮಿಷಕ್ಕೆ ಹಾಳೆಯಲ್ಲಿ ಅವಳ ಷರಾ ಬಿತ್ತು. ಯಥಾವತ್ತಾಗಿ ಕನ್ನಡಕ್ಕೆ ತಂದು ಕೊಡುತ್ತಿದ್ದೇನೆ:

"ಪೆನ್‌ಹಾಲೋ: ಐದು ಗೋಲು. ಫಾರ್ಮ್ ಹತ್ತಕ್ಕೆ ಒಂಬತ್ತು. ಸಾಕ್ಸು: ಒಂದೇ ಸಲ. ಎಡ ಮೊಣಕಾಲು: ಊತ ಇನ್ನೂ ಇರಬಹುದು. ಮೂರು ಮಹಡಿ ಇಳಿಯುವುದು ಬೇಡ. ನಾನೇ ಹತ್ತಿ ಬರುತ್ತಿದ್ದೇನೆ, ರೈಲಿನಲ್ಲಿದ್ದೇನೆ."

ಹನ್ನೊಂದಕ್ಕೆ ಬಂದಳು. ಬೆನ್ನಿನ ಚೀಲದಿಂದ ಒಂದು ಮೊಣಕಾಲು ಪಟ್ಟಿ ತೆಗೆದಳು. ಕಪ್ಪು ಬಟ್ಟೆ, ಎರಡು ಪಕ್ಕಕ್ಕೂ ಕೀಲು; ತರಗತಿಯ ಕಾರ್ಯಾಗಾರದಲ್ಲಿ ಅವಳೇ ಮಾಡಿದ್ದು. ನನ್ನ ಮುಂದೆ ನೆಲದ ಮೇಲೆ ಕೂತು ಅದನ್ನು ನನ್ನ ಕಾಲಿಗೆ ಹಾಕಿದಳು. ಎಲ್ಲೂ ಹಿಡಿಯಲಿಲ್ಲ, ಎಲ್ಲೂ ಸಡಿಲವಾಗಲಿಲ್ಲ.

"ಯಾವಾಗ ಗೊತ್ತಾಯ್ತು?" ಎಂದೆ.

"ಯುಗಾದಿ ದಿನ. ಅಪ್ಪ, ಪ್ಲೀಸ್! ಬ್ರಾಡಿ ನೆಲದ ಮೇಲೆ ಚಕ್ಕಳ ಮಕ್ಕಳ ಹಾಕ್ಕೊಂಡು ಹೋಳಿಗೆ ತಿಂತಾನಾ?"

ಅಡುಗೆಮನೆಯಲ್ಲಿ ಕಾಂಚನಾ ನಕ್ಕ ಸದ್ದು ಕೇಳಿತು. ಅವಳಿಗೆ ಎಷ್ಟು ದಿನಗಳಿಂದ ತಿಳಿದಿತ್ತೆಂಬ ಬಗ್ಗೆ ಪ್ರತ್ಯೇಕ ವಿಚಾರಣೆ ನಡೆಯಬೇಕಾಗಿದೆ.

"ಮತ್ತೆ ನೇರವಾಗಿ ಕೇಳಬಹುದಿತ್ತಲ್ಲ, ಅಪ್ಪ ನಿಂಗೇನಾಗಿದೆ ಅಂತ?" ಎಂದೆ.

"ಕೇಳಿದ್ರೆ 'ಏನೂ ಇಲ್ಲ, ನೀನು ಓದ್ಕೋ' ಅಂತೀಯ. ಆಗಸ್ಟಿಂದ ನೀನು ಹೇಳ್ತಿದ್ದಿದ್ದು ಅದೊಂದೇ. ಬ್ರಾಡಿ ಬಗ್ಗೆ ಕೇಳಿದ್ರೆ ಎಲ್ಲಾ ಹೇಳ್ತಿದ್ದೆ. ಎಲ್ಲಿ ನೋವು, ಎಷ್ಟು ನೋವು, ಭಯ ಆಗುತ್ತಾ ಅಂತ ಕೂಡ." ಪಟ್ಟಿಯ ಕೊನೆಯ ಕೊಂಡಿಯನ್ನು ಬಿಗಿ ಮಾಡಿ ತಲೆಯೆತ್ತದೆ ಹೇಳಿದಳು: "ಅವನು ಬೇಗ ಹುಷಾರಾಗ್ಬಿಟ್ರೆ ನೀನು ಮತ್ತೆ ಮಾತು ನಿಲ್ಲಿಸ್ತೀಯ ಅಂತ ನಂಗೆ ಟೆನ್ಷನ್ ಆಗಿತ್ತು."

ಮಾನ್ಯರೇ, ಏಳು ತಿಂಗಳು ನಾನು ಅವಳ ಮೂರು ಮಾತುಗಳನ್ನು ಎಣಿಸುತ್ತಿದ್ದೆ. ನನ್ನವು ಎಷ್ಟೆಂದು ಎಣಿಸಿರಲಿಲ್ಲ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಕಾಲು ನೋಯುತ್ತಿದೆ ಎಂದು ಹೇಳಿ ಅತ್ತೆ. ಹಾಗೆ ಹೇಳಿದ್ದು ಅದೇ ಮೊದಲು.

ಸೋಮವಾರ ಡಾಕ್ಟರನ್ನು ಕಾಣಲು ಕಾಂಚನಾ ಸಮಯ ಗೊತ್ತುಮಾಡಿದ್ದಾಳೆ. ದಿಶಾ ಜೊತೆಗೆ ಬಂದು ಅಂದೇ ಸಂಜೆ ಓದಿಗೆ ವಾಪಸಾಗುತ್ತಾಳೆ. ಈ ಬಗ್ಗೆ ಸಮಿತಿಯಲ್ಲಿ ಒಮ್ಮತವಿದೆ.

ಕಾರಣ, ಮೇ 13ರ ನನ್ನ ಕೋರಿಕೆಯನ್ನು ಈ ಮೂಲಕ ಹಿಂಪಡೆಯುತ್ತಿದ್ದೇನೆ. ಶ್ರೀ ಪೆನ್‌ಹಾಲೋ ಅವರು ನಿರಾತಂಕವಾಗಿ ಆಡಲಿ. ಆದರೆ ತಮ್ಮ ಪಟ್ಟಿಯಲ್ಲಿ ಅವರಿಂದ ತೆರವಾದ ಸಾಲು ಈಗ ಖಾಲಿ ಇರುವುದರಿಂದ, ಆ ಜಾಗದಲ್ಲಿ ಅರ್ಜಿದಾರನನ್ನು ಸೇರಿಸಿಕೊಳ್ಳಬೇಕಾಗಿ ಪ್ರಾರ್ಥನೆ. ಹೆಸರು: ರಾಮಮೂರ್ತಿ. ಗಾಯ: ಮೊಣಕಾಲು, ಎಡ.

ಅವಧಿಯ ಕಲಮಿಗೆ ಮಗಳು ಆರು ವಾರ ಎಂದು ಶಿಫಾರಸು ಮಾಡಿದ್ದಾಳೆ. ದಯವಿಟ್ಟು ಅದನ್ನು ಪರಿಗಣಿಸದೆ, "ನಿಗದಿಯಾಗಿಲ್ಲ" ಎಂದೇ ನಮೂದಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ, ಸದ್ಯಕ್ಕೆ ಒಂದೂವರೆ ಕಾಲಿನ ಮೇಲೆ ನಿಂತಿರುವ,
ಕೆ. ಎನ್. ರಾಮಮೂರ್ತಿ

ಲಗತ್ತುಗಳು:
1. ಸಮಿತಿಯ ಹಾಳೆಯ ಪ್ರತಿ (ಯುಗಾದಿಯ ದಿನದ ನಮೂದಿಗೆ ದಿಶಾ ಇಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದಾಳೆ).
2. ಆಟಗಾರರದೆಂದು ಸಲ್ಲಿಸಲಾದ, ಅರ್ಜಿದಾರನ ಕಾಲಿನ ಅಳತೆ.
3. ಶ್ರೀ ನಿಖಿಲ್ ಅವರ ಭಿನ್ನಮತದ ಟಿಪ್ಪಣಿ: "ಪೆನ್‌ಹಾಲೋ ಓಕೆ. ನಿಮ್ದೇ ಮೆಟಲ್ ಫ್ಯಾಟೀಗ್ ಸರ್."
4. ಮೊಣಕಾಲು ಪಟ್ಟಿ: ಲಗತ್ತಿಸಿಲ್ಲ. ಹಾಕಿಕೊಂಡಿದ್ದೇನೆ.