ಹಾರ್ನ್‌ಪೌಟ್ ನೌಕೆಯ ಸೇವಾಚರಿತ್ರೆ

ಗ್ರಾಟನ್ ನೌಕಾನೆಲೆಯ ಗುಮಾಸ್ತೆ ಎಲ್ವುಡ್ ಪ್ಲಮ್ಲಿಯ ನೆಮ್ಮದಿ ಕೆಡಿಸಿದ್ದು ನಾಲ್ಕೇ ಹಾಳೆಯ ಒಂದು ಪುಸ್ತಿಕೆ. ಅಣುಶಕ್ತಿಯ ದಾಳಿ ಜಲಾಂತರ್ಗಾಮಿ 'ಹಾರ್ನ್‌ಪೌಟ್' ಮೂವತ್ತೊಂದು ವರ್ಷ ಸಮುದ್ರದ ಹೊಟ್ಟೆಯೊಳಗೆ ಅಲೆದಾಡಿ, ಮರುದಿನ ನಿವೃತ್ತಿಯಾಗುವುದಿತ್ತು. ಸಮಾರಂಭಕ್ಕೆ ಬಂದವರ ಕೈಗೆಲ್ಲ ಅದರ ಸೇವಾಚರಿತ್ರೆ ಕೊಡಬೇಕು, ಅದು ಪದ್ಧತಿ.

"ಪ್ಲಮ್ಲಿ, ಸಂಜೆ ನಾಲ್ಕಕ್ಕೆ ಅದು ಅಚ್ಚಿಗೆ ಹೋಗ್ಬೇಕು," ಎಂದರು ಕ್ಯಾಪ್ಟನ್ ಹ್ಯಾಸ್ಕಲ್. "ಹೋದ್ರೆ ನೆಬ್ರಾಸ್ಕಾದ ಸೇನಾ ಭರ್ತಿ ಕಚೇರಿಗೆ ನಿನ್ನ ವರ್ಗ. ಇಲ್ಲಾಂದ್ರೆ ಸೋಮವಾರ ಹೊರಡೋ ಹೊಸ ನೌಕೇಲಿ ಆರು ತಿಂಗಳು."

ನೆಬ್ರಾಸ್ಕಾ! ಸುತ್ತ ಸಾವಿರ ಮೈಲಿ ಜೋಳದ ಹೊಲ; ಉಪ್ಪು ಅನ್ನುವುದು ಊಟದ ಮೇಜಿನ ಮೇಲಷ್ಟೇ. ಹದಿನಾಲ್ಕು ವರ್ಷ ಹಾರ್ನ್‌ಪೌಟ್‌ನಲ್ಲಿ ನೀರಿನಡಿ ಕೂತು ಪ್ಲಮ್ಲಿ ಎಷ್ಟು ಬೆಳ್ಳಗಾಗಿದ್ದನೆಂದರೆ, ಅವನು ಬಿಸಿಲಿಗೆ ನಿಂತರೆ ಎದುರಿಗಿದ್ದವರು ಕಪ್ಪು ಕನ್ನಡಕ ಹುಡುಕುತ್ತಿದ್ದರು. ಹೆಂಡತಿ ಲೋರ್ನಾ ಆಗಲೇ ಟೊಮೇಟೊ ಸಸಿಗಳನ್ನು ಕಾರಿಗೇರಿಸಿ ಕೂತಿದ್ದಳು.

ಧ್ರುವದ ಹಿಮ, ಶತ್ರು ಹಡಗನ್ನು ಬೆನ್ನಟ್ಟಿದ್ದು, ಎಲ್ಲವನ್ನೂ ಪ್ಲಮ್ಲಿ ಒಂದೇ ಉಸಿರಿಗೆ ಬರೆದು, ಒಪ್ಪಿಗೆಗಾಗಿ ಗೋಪ್ಯತಾ ಅಧಿಕಾರಿ ಟ್ವಿಚೆಲ್ ಮುಂದಿಟ್ಟ. ಗುಟ್ಟಿನ ಸಾಲು ಅಳಿಸಲು ಆಕೆ ಮಸಿಯ ಪೆನ್ನು ಹಿಡಿದರೆ ರಸ್ತೆಗೆ ಡಾಂಬರು ಹಾಕುವವರೂ ನಾಚಬೇಕು. ಹತ್ತು ನಿಮಿಷದಲ್ಲಿ ಉಳಿದದ್ದು ಒಂದು 'ಆದರೆ', ಎರಡು ಅಲ್ಪವಿರಾಮ.

"ಮೇಡಂ, 'ಸಮುದ್ರ' ಅನ್ನೋದನ್ನೂ ಹೊಡೆದ್ಹಾಕಿದ್ದೀರಲ್ಲ!"

"ನಾವು ಎಲ್ಲಿ ಓಡಾಡ್ತೀವಿ ಅಂತ ಶತ್ರುಗೆ ಯಾಕ್ರೀ ಗೊತ್ತಾಗ್ಬೇಕು?"

ನೌಕೆಯ ಅಡುಗೆಯವ ಬೂಡ್ರೋ ಬಾಗಿಲಲ್ಲೇ ನಿಂತು ನಕ್ಕ. "ಲೋ ಪೆದ್ದೇ, ಚರಿತ್ರೆ ಅಂದ್ರೆ ಊಟ ಕಣೋ! ನಾನೊಬ್ನೇ ಆರು ಲಕ್ಷ ಮೊಟ್ಟೆ ಒಡೆದಿದ್ದೀನಿ. ಬರ್ಕೋ!"

ಪ್ಲಮ್ಲಿ ಮೊಟ್ಟೆ ಬರೆದ. ಯಾನ ಅರ್ಧ ಮುಗಿದ ದಿನ ಅಧಿಕಾರಿಗಳ ಮುಖಕ್ಕೆ ಕೆನೆಯ ಕಡುಬು ಬಡಿಯುವ ಹಬ್ಬವನ್ನೂ ಬರೆದ.

"ಮೊಟ್ಟೇನ ತಲೆಗಿಷ್ಟು ಅಂತ ಭಾಗಿಸಿದ್ರೆ ಎಷ್ಟು ದಿನ ಮುಳುಗಿದ್ರಿ ಅಂತ ಬರತ್ತೆ," ಎಂದಳು ಟ್ವಿಚೆಲ್. "ಕಡುಬು ಬಡಿದ ದಿನಾನ ಎರಡರಿಂದ ಗುಣಿಸಿದ್ರೆ ವಾಪಸ್ ಬರೋ ದಿನ. ನೀವೇನ್ರೀ, ಗೂಢಚಾರರಾ?"

ಮತ್ತೆ ಡಾಂಬರು. ಗಂಟೆ ಮೂರೂವರೆ. ಪ್ಲಮ್ಲಿ ಇನ್ನೊಂದು ಖಾಲಿ ಹಾಳೆ ಎಳೆದುಕೊಂಡ.

"ನಿಜ ಬರೆದ್ರೆ ತಾನೇ ಗುಟ್ಟು? ಬರೀ ಸುಳ್ಳು ಗೀಚಿ ಕೊಡೋ," ಎಂದ ಬೂಡ್ರೋ.

ಪ್ಲಮ್ಲಿಗೆ ಜೀವ ಬಂತು. ತಿಮಿಂಗಿಲವೊಂದು ಹಾರ್ನ್‌ಪೌಟ್‌ಗೆ ಮನಸೋತು ಸಾವಿರ ಮೈಲಿ ಹಿಂಬಾಲಿಸಿತೆಂದು ಬರೆದ. ಟ್ವಿಚೆಲ್ ಓದಿ ನಕ್ಕಳು. ಪೆನ್ನಿಗೆ ಮುಚ್ಚಳವನ್ನೂ ಹಾಕಿದಳು! ಮುಂದಿನ ಸಾಲಿಗೆ ಬಂದಳು: ಮೊದಲ ವರ್ಷ ಹಿಮ ಸೀಳಿ ಮೇಲೆದ್ದಾಗ ಒಂದು ಬಿಳಿ ಕರಡಿ ಒಳಗಿಳಿದು, ನಲವತ್ತೆಂಟು ಸಿಹಿ ಬನ್ನು ತಿಂದು, ಕ್ಯಾಪ್ಟನ್ನರ ಹಾಸಿಗೆಯಲ್ಲಿ ಮೂರು ವಾರ ಮಲಗಿತ್ತು.

ಟ್ವಿಚೆಲ್ ಮುಖ ಪ್ಲಮ್ಲಿಯದಕ್ಕಿಂತ ಬೆಳ್ಳಗಾಯಿತು.

"ಕರಡಿ ವಿಷಯ... ನಿಮಗ್ಯಾರ್ರೀ ಹೇಳಿದ್ದು?"

"ಯಾರೂ ಇಲ್ಲ ಮೇಡಂ! ನಾನೇ ಕಟ್ಟಿದ್ದು!"

"ಗುಟ್ಟು ಗೊತ್ತಿರೋರೆಲ್ಲ ಹೀಗೇ ಅನ್ನೋದು." ಆಕೆ ಬಾಗಿಲು ಹಾಕಿ ಕ್ಯಾಪ್ಟನ್ನರನ್ನು ಕರೆಸಿದಳು. "ಇವರನ್ನ ನೆಲದ ಮೇಲೆ ಬಿಡೋ ಹಾಗೇ ಇಲ್ಲ ಸರ್. ನೆಬ್ರಾಸ್ಕಾ ತುಂಬ ಬಾಯಿ ಬಿಟ್ರೆ? ನೀರಿನಡಿ ಇದ್ರೆ ಯಾರಿಗೆ ಹೇಳ್ತಾರೆ?"

ಕ್ಯಾಪ್ಟನ್ ನಿಟ್ಟುಸಿರುಬಿಟ್ಟು, ಹೊಸ ನೌಕೆಯ ಆರು ತಿಂಗಳ ಆದೇಶಕ್ಕೆ ಸಹಿ ಹಾಕತೊಡಗಿದರು. ಪ್ಲಮ್ಲಿ ಮೇಜಿನ ಕಾಲನ್ನೇ ಹಿಡಿದುಕೊಂಡ. "ಬೇಡಿ ಸರ್! ಕರಡಿ ಬಗ್ಗೆ ಸತ್ತರೂ ಉಸಿರು ಬಿಡಲ್ಲ!"

ಟ್ವಿಚೆಲ್ ಮನಸ್ಸು ಒಂದು ಚೂರು ಕರಗಿತು. "ನಂಬಬಹುದಾ? ಎರಡನೇ ಕರಡಿ ಬಗ್ಗೇನೂ ಹೇಳಲ್ಲ ತಾನೇ?"

"ಎರಡನೇದೂ ಇತ್ತಾ?"

ಟ್ವಿಚೆಲ್ ನಾಲಿಗೆ ಕಚ್ಚಿಕೊಂಡಳು. "ಸರ್, ಆ ಆರು ತಿಂಗಳನ್ನ ಒಂದು ವರ್ಷ ಮಾಡ್ಬಿಡಿ."